ಲಕ್ಷದ್ವೀಪ ನೋಡಬೇಕು, ಈಜು ಬರಲ್ಲ, ಅತ್ತೆಗೆ ಮಂಡಿ ನೋವು: ಯಾವ ದ್ವೀಪಕ್ಕೆ ಹೋಗಲಿ?

ಪ್ರಶ್ನೆ: ನಾವು ದಾವಣಗೆರೆಯವರು. ನಾನು, ನಮ್ಮ ಯಜಮಾನರು, 11 ವರ್ಷದ ಮಗಳು, 67 ವರ್ಷದ ಅತ್ತೆ. ಗದ್ದಲ ಇಲ್ಲದ ಸಣ್ಣ ದ್ವೀಪದಲ್ಲಿ ನಾಲ್ಕೈದು ದಿನ ಇದ್ದು ಬರುವ ಆಸೆ. ಹವಳ ನೋಡಲೇಬೇಕು ಅಂತ ಮಗಳ ಹಟ. ಲಕ್ಷದ್ವೀಪದಲ್ಲಿ ಕದ್ಮತ್, ಬಂಗಾರಂ, ಕವರತ್ತಿ ಮೂರನ್ನೂ ಸುತ್ತಿ ಬನ್ನಿ ಅನ್ನುತ್ತಾರೆ. ಆದರೆ ನಮ್ಮಲ್ಲಿ ಯಾರಿಗೂ ಈಜು ಬರುವುದಿಲ್ಲ. ಅತ್ತೆಗೆ ಮಂಡಿ ನೋವು, ಮೀನು ಮಾಂಸ ಮುಟ್ಟುವುದಿಲ್ಲ. ಇದರ ಮಧ್ಯೆ ಪರಿಚಯದವರೊಬ್ಬರು "ಹವಳ ಎಲ್ಲಾ ಸತ್ತುಹೋಗಿದೆ, ಹೋಗಿ ಏನ್ ನೋಡ್ತೀರಿ" ಅಂತ ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಗತ್ತಿಗೆ ಹೋಗಿ. ಐದು ರಾತ್ರಿಯೂ ಅಲ್ಲೇ ಇರಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಹೋಗಿ. ಮೂರು ದ್ವೀಪ ಸುತ್ತುವ ಆಸೆ ಬಿಟ್ಟುಬಿಡಿ.

ನೀವು ಕೇಳಿದ ಹೆಸರುಗಳಲ್ಲಿ ಅಗತ್ತಿ ಇರಲೇ ಇಲ್ಲ, ಅಲ್ವಾ? ವಿಮಾನ ಇಳಿಯುವ ಊರು ಅಂತ ಅದನ್ನು ಎಲ್ಲರೂ ಬಸ್ ಸ್ಟ್ಯಾಂಡ್ ಥರ ನೋಡುತ್ತಾರೆ. ಇಳಿದ ತಕ್ಷಣ ಬೋಟು ಹತ್ತಿ ಬಂಗಾರಂ ಕಡೆ ಹೊರಡುತ್ತಾರೆ. ನಾನೂ ಮೊದಲೆರಡು ಸಲ ಹಾಗೇ ಮಾಡಿದ್ದೆ. ಮಂಗಳೂರಿನಲ್ಲಿದ್ದುಕೊಂಡು ಇಪ್ಪತ್ತು ವರ್ಷದಿಂದ ಈ ದ್ವೀಪಗಳಿಗೆ ಹವಳದ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಈಗ ಮನೆಯವರನ್ನು ಕರೆದುಕೊಂಡು ಹೋಗುವುದಾದರೆ ನನ್ನ ಆಯ್ಕೆ ಅಗತ್ತಿಯೇ.

ಮುಖ್ಯ ಕಾರಣ ನಿಮ್ಮ ಅತ್ತೆಯವರ ಮಂಡಿ. ಲಕ್ಷದ್ವೀಪದಲ್ಲಿ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ಅಂದರೆ ಪ್ರತಿ ಸಲ ಕಡಲಿನ ಮೇಲೆ ಹತ್ತಿ ಇಳಿಯುವ ಕೆಲಸ. ದೊಡ್ಡ ಹಡಗು ಎಷ್ಟೋ ಕಡೆ ದಡಕ್ಕೆ ಬರುವುದೇ ಇಲ್ಲ, ಹವಳದ ಸಾಲಿನ ಆಚೆಗೇ ನಿಲ್ಲುತ್ತದೆ. ಅದರ ಪಕ್ಕದ ಬಾಗಿಲು ತೆರೆಯುತ್ತಾರೆ. ಕೆಳಗೆ ಸಣ್ಣ ಬೋಟು ಕಾಯುತ್ತಿರುತ್ತದೆ. ಅಲೆಗೆ ಆ ಬೋಟು ಒಮ್ಮೆ ನಿಮ್ಮ ಪಾದದ ಮಟ್ಟಕ್ಕೆ ಏರುತ್ತದೆ, ಮರುಕ್ಷಣ ಒಂದಾಳು ಕೆಳಗೆ ಇಳಿಯುತ್ತದೆ. ಇಬ್ಬರು ಹುಡುಗರು ನಿಮ್ಮ ಎರಡೂ ತೋಳು ಹಿಡಿದು, ಬೋಟು ಮೇಲೆ ಬಂದ ಕ್ಷಣ ನೋಡಿ "ಈಗ" ಅನ್ನುತ್ತಾರೆ. ಆಗ ಹೆಜ್ಜೆ ಇಡಬೇಕು. ದ್ವೀಪದ ಅಜ್ಜಿಯಂದಿರು ಚೀಲ ಹಿಡಿದುಕೊಂಡೇ ಇದನ್ನು ಸಲೀಸಾಗಿ ಮಾಡುತ್ತಾರೆ. ನಾನು ಮೊದಲ ಸಲ ಮೂರು "ಈಗ" ತಪ್ಪಿಸಿಕೊಂಡೆ. ಹಿಂದಿದ್ದವರು ಬೈದರು.

ಕದ್ಮತ್ ಚೆಂದದ ದ್ವೀಪ, ಅನುಮಾನವೇ ಇಲ್ಲ. ಆದರೆ ಅಗತ್ತಿಯಿಂದ ಸುಮಾರು 75 ಕಿಲೋಮೀಟರ್ ದೂರ, ಅಷ್ಟೂ ತೆರೆದ ಕಡಲು. ಗಾಳಿ ಎದ್ದರೆ ಬೋಟು ಬಿಡುವುದಿಲ್ಲ. ಒಮ್ಮೆ ಅಲ್ಲಿ ಎರಡು ದಿನ ಸಿಕ್ಕಿಕೊಂಡು ವಿಮಾನ ತಪ್ಪಿಸಿಕೊಂಡವನು ನಾನು. ನನಗೇನೋ ಕೆಲಸವೇ ಅದು. ರಜೆ ಮುಗಿದು ಸೋಮವಾರ ಆಫೀಸಿಗೆ ಹೋಗಬೇಕಾದವರಿಗೆ ಆ ಎರಡು ದಿನ ಬಹಳ ಉದ್ದ.

ಅಗತ್ತಿಯಲ್ಲಿ ಈ ರಗಳೆ ಇಲ್ಲ. ಕೊಚ್ಚಿಯಿಂದ ಎಟಿಆರ್ ಅನ್ನುವ ಸಣ್ಣ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಬೆಂಗಳೂರಿನಿಂದ ನೇರ ವಿಮಾನ 2024ರಲ್ಲಿ ಶುರುವಾಯಿತು, ಆದರೆ ಈ ಮಾರ್ಗದ ವೇಳಾಪಟ್ಟಿ ಆಗಾಗ ಬದಲಾಗುತ್ತದೆ, ನೋಡಿಕೊಂಡೇ ಯೋಜನೆ ಹಾಕಿ. ರನ್‌ವೇ ಇರುವುದು ದ್ವೀಪದ ದಕ್ಷಿಣ ತುದಿಯಲ್ಲಿ, ಉದ್ದ 1,200 ಮೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ. ಎರಡೂ ಪಕ್ಕ ನೀರು. ಕಿಟಕಿಯಿಂದ ನೋಡಿದರೆ ಕಡಲಿನ ಮೇಲೇ ಇಳಿಯುತ್ತಿದ್ದೀರಿ ಅನಿಸುತ್ತದೆ. ಅತ್ತೆಯವರಿಗೆ ಮೊದಲೇ ಹೇಳಿಡಿ.

ಇನ್ನು ಈಜಿನ ವಿಷಯ. ದಾವಣಗೆರೆಯವರು ಅಂದಿರಿ, ಸೂಳೆಕೆರೆ ನೋಡಿಯೇ ಇರುತ್ತೀರಿ. ಅಗತ್ತಿಯನ್ನು ಹಾಗೇ ಕಲ್ಪಿಸಿಕೊಳ್ಳಿ. ದ್ವೀಪ ಅಂದರೆ ಉದ್ದನೆಯ ತೆಳ್ಳಗಿನ ಮರಳಿನ ಪಟ್ಟಿ. ಅದರ ಪಶ್ಚಿಮಕ್ಕೆ ದೂರದಲ್ಲಿ ನೀರಿನೊಳಗೆ ಹವಳದ ಒಂದು ಏರಿ. ಏರಿಗೂ ದ್ವೀಪಕ್ಕೂ ನಡುವೆ ಕೆರೆಯಂಥ ತಿಳಿ ಕಡಲು. ಇದಕ್ಕೇ ಲಗೂನ್ ಅನ್ನುವುದು. ಅರಬ್ಬಿ ಸಮುದ್ರದ ಅಲೆಗಳೆಲ್ಲ ಆ ಏರಿಗೆ ಬಡಿದು ಅಲ್ಲೇ ಮುರಿಯುತ್ತವೆ. ದಡದಲ್ಲಿ ನಿಂತರೆ ದೂರದಲ್ಲಿ ಬಿಳಿ ಗೆರೆ ಕಾಣುತ್ತದೆ, ರಾತ್ರಿಯಿಡೀ ಅದರ ಮೊರೆತ ಕೇಳುತ್ತದೆ. ಕಾಲ ಬುಡದಲ್ಲಿ ಮಾತ್ರ ನೀರು ತಟ್ಟೆಯಲ್ಲಿಟ್ಟ ಹಾಗೆ. ಎಷ್ಟೋ ಕಡೆ ಸೊಂಟದ ಮಟ್ಟವೂ ಇರುವುದಿಲ್ಲ.

ಕೆರೆಗೆ ತೂಬು ಇದ್ದ ಹಾಗೆ ಈ ಏರಿಗೂ ಅಲ್ಲಲ್ಲಿ ಬಾಯಿ ಇರುತ್ತದೆ, ಬೋಟುಗಳು ಒಳಗೆ ಹೊರಗೆ ಹೋಗುವ ದಾರಿ. ಇಳಿತದ ಹೊತ್ತಿನಲ್ಲಿ ಲಗೂನಿನ ನೀರೆಲ್ಲ ಆ ಬಾಯಿಯಿಂದ ಹೊರಗೆ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಇನ್ನೂ ಜೋರು. ಈಜು ಬರುವವರೂ ಅಲ್ಲಿ ಸುಳಿಯಬಾರದು. ನೀವಂತೂ ನೀರಿಗಿಳಿಯುವ ಮುನ್ನ ನೀವು ಉಳಿದುಕೊಂಡ ಮನೆಯವರನ್ನು "ಬಾಯಿ ಎಲ್ಲಿದೆ, ಇಳಿತ ಎಷ್ಟು ಹೊತ್ತಿಗೆ" ಅಂತ ಕೇಳಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಮೊದಲ ದಿನ ಒಂದು ಕಾಗದದಲ್ಲಿ ಬರೆದುಕೊಂಡರೆ ಉಳಿದ ದಿನದ್ದು ಮಗಳೇ ಲೆಕ್ಕ ಹಾಕುತ್ತಾಳೆ.

ಹವಳ ನೋಡಲು ಬೇಕಾಗುವುದು ಮಾಸ್ಕ್, ಉಸಿರಾಟದ ಕೊಳವೆ, ಲೈಫ್ ಜಾಕೆಟ್, ಪಕ್ಕದಲ್ಲಿ ನೀರು ಗೊತ್ತಿರುವ ಒಬ್ಬ ಸ್ಥಳೀಯ. ಈಜು ಬೇಕಿಲ್ಲ, ತೇಲಿದರೆ ಸಾಕು. ಕಷ್ಟ ಆಗುವುದು ಬಾಯಿಂದ ಉಸಿರಾಡುವುದು ಮಾತ್ರ. ಅದನ್ನು ಊರಲ್ಲೇ ಕಲಿತುಕೊಳ್ಳಿ. ಒಂದು ಮಾಸ್ಕ್ ತರಿಸಿಕೊಂಡು, ದೊಡ್ಡ ಟಬ್ಬಿನಲ್ಲಿ ನೀರು ತುಂಬಿಸಿ ಮುಖ ಅದ್ದಿ ಐದು ನಿಮಿಷ ಉಸಿರಾಡಿ. ಮೊದಲ ದಿನ ಗಾಬರಿಯಾಗುತ್ತದೆ, ಮೂರನೆಯ ದಿನ ನಗು ಬರುತ್ತದೆ. ಮಕ್ಕಳನ್ನು ಟಬ್ಬಿನ ಪಕ್ಕ ಒಬ್ಬರೇ ಬಿಡಬೇಡಿ. ಕನ್ನಡಕ ಹಾಕುವವರಿದ್ದರೆ ನಂಬರ್ ಇರುವ ಮಾಸ್ಕ್ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಅಷ್ಟು ದೂರ ಹೋಗಿ ಮಂಜುಮಂಜು ನೋಡಿ ಬಂದ ಹಾಗಾಗುತ್ತದೆ. ಗಾಜಿಗೆ ಹಬೆ ಕಟ್ಟದಿರಲು ಒಳಗಡೆ ಸ್ವಲ್ಪ ಉಗುಳಿ ಉಜ್ಜಿ ತೊಳೆಯುವುದು. ಅಸಹ್ಯ ಅನಿಸಿದರೂ ಇದಕ್ಕಿಂತ ಒಳ್ಳೆ ಮದ್ದು ನಾನು ಕಂಡಿಲ್ಲ. ಅತ್ತೆಯವರಿಗೆ ತಳದಲ್ಲಿ ಗಾಜು ಇರುವ ಬೋಟು ಕೇಳಿ, ಕೂತಲ್ಲೇ ನೋಡಬಹುದು.

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಮುಳುಗುವುದರ ಬಗ್ಗೆ ಅಲ್ಲಿ ಎಲ್ಲರೂ ಆಸೆ ತೋರಿಸುತ್ತಾರೆ. ಈ ಸಲ ಬೇಡ ಅಂತ ನನ್ನ ಸಲಹೆ. ಆಸೆಯಿದ್ದರೆ ಮುಂದೆ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮಾಡಿ. ಮಾಡಿಯೇ ತೀರುತ್ತೇವೆ ಅಂದರೆ ಕೊನೆಯ ದಿನ ಇಟ್ಟುಕೊಳ್ಳಬೇಡಿ, ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು.

ಈಗ ಆ ಪರಿಚಯದವರ ಮಾತಿಗೆ ಬರೋಣ. ಹವಳ ಎಲ್ಲಾ ಸತ್ತಿದೆಯಾ? ಇಲ್ಲ. ಆದರೆ ಅವರು ಸುಳ್ಳೂ ಹೇಳಿಲ್ಲ.

ಹವಳ ಕಲ್ಲಲ್ಲ, ಪ್ರಾಣಿ. ಅಕ್ಕಿಕಾಳಿನಷ್ಟು ಸಣ್ಣ ಜೀವಿಗಳು ಸಾವಿರಗಟ್ಟಲೆ ಸೇರಿ ಸುಣ್ಣದ ಮನೆ ಕಟ್ಟಿಕೊಂಡಿರುತ್ತವೆ. ಅವುಗಳ ಮೈಯೊಳಗೆ ಇನ್ನೂ ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ, ಬಣ್ಣವನ್ನೂ ಕೊಡುತ್ತದೆ. ಬೇಸಿಗೆಯಲ್ಲಿ ನೀರು ಸಾಮಾನ್ಯವಾಗಿ ಮುಟ್ಟುವ ಬಿಸಿಗಿಂತ ಒಂದು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಮೇಲೆ ಅದು ಬೆಳ್ಳಗೆ, ಹಸಿದುಕೊಂಡು ಕೂತಿರುತ್ತದೆ. ಬೇಗ ತಂಪಾದರೆ ಪಾಚಿ ವಾಪಸ್ ಬರುತ್ತದೆ. ಇಲ್ಲದಿದ್ದರೆ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗಾಯಿತು. 2024ರಲ್ಲಿ ಮತ್ತೆ ಆಯಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್‌ನವರು ಅಗತ್ತಿ, ಕದ್ಮತ್, ಕವರತ್ತಿಗಳಲ್ಲಿ ವರ್ಷಗಟ್ಟಲೆ ಅಳೆದು ಬರೆದಿಟ್ಟಿದ್ದಾರೆ: 1998ರಿಂದ ಈಚೆಗೆ 24 ವರ್ಷದಲ್ಲಿ ಜೀವಂತ ಹವಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬೀಳುತ್ತಿದೆ.

ಹಾಗಾಗಿ ಮಗಳಿಗೆ ಮೊದಲೇ ಹೇಳಿ, ಟಿವಿಯಲ್ಲಿ ಕಾಣುವ ಬಣ್ಣದ ತೋಟ ಅಲ್ಲಿ ಉದ್ದಕ್ಕೂ ಸಿಗುವುದಿಲ್ಲ. ಲಗೂನಿನಲ್ಲಿ ಮುರಿದ ಕೊಂಬಿನಂಥ ತುಂಡುಗಳು ಜಾಸ್ತಿ. ಅದರ ಮಧ್ಯೆ ಗುಡಾಣದಷ್ಟು ದೊಡ್ಡ ಗುಂಡು ಹವಳಗಳು ಗಟ್ಟಿಯಾಗಿ ಬದುಕಿವೆ. ಅವು ವರ್ಷಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುವ ಜಾತಿ, ಕೆಲವು ನಿಮ್ಮ ಅತ್ತೆಯವರಿಗಿಂತ ಹಿರಿಯವು. ಗುರುತು ಹಿಡಿಯುವುದು ಸುಲಭ: ಕಂದು, ಹಳದಿ, ನೇರಳೆ ಛಾಯೆ ಇದ್ದರೆ ಜೀವ ಇದೆ. ಒಗೆದ ಬಟ್ಟೆಯ ಹಾಗೆ ಬಿಳಿ ಹೊಳೆಯುತ್ತಿದ್ದರೆ ಕಾಯಿಲೆ ಬಿದ್ದಿದೆ, ಇನ್ನೂ ಸತ್ತಿಲ್ಲ. ಬೂದು ಬಣ್ಣಕ್ಕೆ ತಿರುಗಿ ಮೇಲೆ ಪಾಚಿಯ ಜುಂಜು ಹಿಡಿದಿದ್ದರೆ ಮುಗಿಯಿತು.

ಅಂಥ ಗುಂಡು ಹವಳದ ಹತ್ತಿರ ಸುಮ್ನೆ ತೇಲುತ್ತಾ ಹತ್ತು ನಿಮಿಷ ಇರಿ. ಕೈ ಕಾಲು ಆಡಿಸಬೇಡಿ. ಮೊದಲು ಏನೂ ಇರುವುದಿಲ್ಲ. ಆಮೇಲೆ ಕರ್ ಕರ್ ಅಂತ ಸದ್ದು ಕೇಳುತ್ತದೆ, ಯಾರೋ ತೆಂಗಿನಕಾಯಿ ತುರಿಯುತ್ತಿದ್ದಾರೆ ಅನ್ನುವ ಹಾಗೆ. ನೀಲಿ ಹಸಿರು ಮೈಯ ಗಿಳಿಮೀನು ಅದು. ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ಜೊತೆಗೆ ಸುಣ್ಣವೂ ಹೊಟ್ಟೆಗೆ ಹೋಗುತ್ತದೆ. ಸ್ವಲ್ಪ ದೂರ ಹೋಗಿ ಹಿಂದಿನಿಂದ ಬಿಳಿ ಪುಡಿಯ ಮೋಡ ಬಿಡುತ್ತದೆ. ಅದು ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ನೀವು ಬರಿಗಾಲಲ್ಲಿ ಓಡಾಡುವ ಆ ಸಕ್ಕರೆಯಂಥ ಮರಳಿನಲ್ಲಿ ಒಂದು ಪಾಲು ಇದೇ. ಈ ವಿಷಯ ಹೇಳಿದಾಗ ಮುಖ ಅರಳದ 11 ವರ್ಷದ ಮಗುವನ್ನು ನಾನಂತೂ ನೋಡಿಲ್ಲ.

ಆಮೆಗಳೂ ಕಾಣುತ್ತವೆ. ಅಗತ್ತಿಯ ಲಗೂನಿನಲ್ಲಿ ಹಸಿರು ಆಮೆಗಳು ಕಡಲಹುಲ್ಲು ಮೇಯಲು ಬರುತ್ತವೆ. ಆದರೆ ನಿಮ್ಮ ಬೋಟಿನವರು ನಿಮ್ಮಷ್ಟು ಖುಷಿ ಪಡದಿದ್ದರೆ ಆಶ್ಚರ್ಯಪಡಬೇಡಿ. ಆಮೆ ಜಾಸ್ತಿಯಾಗಿ ಹುಲ್ಲು ಬೋಳಾಯಿತು, ಹುಲ್ಲಲ್ಲಿ ಬೆಳೆಯುತ್ತಿದ್ದ ಮೀನು ಕಡಿಮೆಯಾಯಿತು ಅನ್ನುವುದು ಅಲ್ಲಿನ ಮೀನುಗಾರರ ದೂರು. ಅದರಲ್ಲಿ ನಿಜ ಇದೆ.

ಒಂದು ಮಾತು ಮಾತ್ರ ಕಟ್ಟುನಿಟ್ಟು: ಹವಳದ ಮೇಲೆ ನಿಲ್ಲಬೇಡಿ. ಹೊಸತರಲ್ಲಿ ನಾನು ಮಾಸ್ಕ್ ಸರಿಮಾಡಿಕೊಳ್ಳಲು ಒಂದು ಕೊಂಬಿನ ಹವಳದ ಮೇಲೆ ಕಾಲಿಟ್ಟೆ. ಅದು ಹಪ್ಪಳದ ಹಾಗೆ ಮುರಿಯಿತು, ನನ್ನ ಕಣಕಾಲು ಕೊಯ್ದುಹೋಯಿತು. ಗಾಯ ಮಾಯಲು ಮೂರು ವಾರ ಬೇಕಾಯಿತು. ಬೋಟಿನ ಮುದುಕರು ನನ್ನ ಕಾಲು ನೋಡಲಿಲ್ಲ, ಮುರಿದ ತುಂಡು ನೋಡಿ ಬೈದರು. ಚಿಪ್ಪು ಕಂಡರೂ ಕೈಯಲ್ಲಿ ಎತ್ತಬೇಡಿ. ಶಂಕುವಿನ ಆಕಾರದ ಚೆಂದದ ಚಿಪ್ಪಿನೊಳಗೆ ವಿಷದ ಮುಳ್ಳಿರುವ ಬಸವನಹುಳು ಇರುತ್ತದೆ, ಕೆಲವು ಜಾತಿ ಮನುಷ್ಯರ ಪ್ರಾಣವನ್ನೇ ತೆಗೆಯಬಲ್ಲವು. ಹವಳದ ತುಂಡು ಬ್ಯಾಗಿಗೆ ಹಾಕಿಕೊಂಡರಂತೂ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಹುಲಿ ಇರುವ ಪಟ್ಟಿಯಲ್ಲೇ ಹವಳವೂ ಇದೆ. ಸತ್ತ ತುಂಡಾದರೂ ಅಷ್ಟೆ. ಸನ್‌ಸ್ಕ್ರೀನ್ ಮೆತ್ತಿಕೊಳ್ಳುವ ಬದಲು ಮೈ ಮುಚ್ಚುವ, ತುಂಬು ತೋಳಿನ ಈಜುಡುಪು ಹಾಕಿ, ಬೆನ್ನು ಸುಡುವುದಿಲ್ಲ, ಊರಿನವರ ಕಣ್ಣಿಗೂ ಸಭ್ಯವಾಗಿರುತ್ತದೆ.

ಊರಿನ ಬಗ್ಗೆ ಹೇಳಬೇಕು. ಇದು ರೆಸಾರ್ಟ್ ದ್ವೀಪವಲ್ಲ. 2011ರ ಜನಗಣತಿಯಲ್ಲೇ ಏಳು ಸಾವಿರಕ್ಕೂ ಜಾಸ್ತಿ ಜನ ಇದ್ದ ಊರು. ಎಲ್ಲರೂ ಹೆಚ್ಚುಕಡಿಮೆ ಮುಸ್ಲಿಮರು. ಮಾತು ಜಸರಿ, ಮಲಯಾಳಂ ಗೊತ್ತಿದ್ದರೆ ಅರ್ಧ ಅರ್ಥವಾಗುತ್ತದೆ. ಹೆಂಡ ಇಲ್ಲ. ನೀರಿನಿಂದ ಎದ್ದು ಊರೊಳಗೆ ಹೋಗುವಾಗ ಮೈತುಂಬ ಬಟ್ಟೆ ಇರಲಿ. ಹೆಂಗಸರ ಫೋಟೊ ತೆಗೆಯುವ ಮುನ್ನ ಕೇಳಿ. ಅಳಿಯಕಟ್ಟು ನಮ್ಮ ಕರಾವಳಿಗೆ ಮಾತ್ರ ಗೊತ್ತು ಅಂದುಕೊಂಡಿದ್ದರೆ ಇಲ್ಲೂ ಇದೆ, ಹೆಣ್ಣಿನ ಕಡೆಯಿಂದ ಮನೆತನ ಸಾಗುತ್ತದೆ. ಮನೆಯೊಡತಿಗೆ ಅಲ್ಲಿ ಒಳ್ಳೆ ದನಿ ಇದೆ. ನಿಮ್ಮ ಅತ್ತೆಯವರಿಗೆ ಇಷ್ಟವಾಗಬಹುದು.

ನಮಗೂ ಈ ದ್ವೀಪಗಳಿಗೂ ಹಳೆ ನಂಟಿದೆ. ಕದ್ಮತ್ ಸೇರಿದ ಅಮಿನಿ ಗುಂಪಿನ ದ್ವೀಪಗಳು ಟಿಪ್ಪುವಿನ ಕೈಗೆ ಬಂದು, ಅವನ ನಂತರ ಬ್ರಿಟಿಷರ ಪಾಲಾದವು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವವರೆಗೂ ಅವು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಬಂದರಿಗೆ ತೆಂಗಿನ ನಾರು ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಅಮಿನಿಯಲ್ಲಿ ಒಬ್ಬ ಅಜ್ಜ ನಾನು ಮಂಗಳೂರಿನವನು ಅಂದ ಕೂಡಲೇ "ಬಂದರ್?" ಅಂತ ಕೇಳಿದ್ದರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಓಡಂನಲ್ಲಿ, ಅಂದರೆ ಹಾಯಿ ಹಡಗಿನಲ್ಲಿ, ಬಂದಿದ್ದರಂತೆ. ನೆನಪಿದ್ದ ಕನ್ನಡ ಪದ ಒಂದೇ: "ಬೆಲ್ಲ".

ನೀರಿನ ವಿಷಯ ಸ್ವಲ್ಪ ಗಮನಿಸಿ. ದ್ವೀಪದಲ್ಲಿ ಹೊಳೆ ಇಲ್ಲ, ಹಳ್ಳ ಇಲ್ಲ. ಮಳೆನೀರು ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೇಲುತ್ತಿರುತ್ತದೆ. ಬಾವಿಯಿಂದ ಜಾಸ್ತಿ ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕುಡಿಯುವ ನೀರಿಗೆ ಅಂತ 2005ರಲ್ಲಿ ಕವರತ್ತಿಯಲ್ಲಿ, ಆಮೇಲೆ ಅಗತ್ತಿಯಲ್ಲೂ ಘಟಕ ಹಾಕಿದ್ದಾರೆ: ಮೇಲಿನ ಬೆಚ್ಚನೆ ಕಡಲನೀರನ್ನು ಒತ್ತಡ ಇಳಿಸಿ ಆವಿ ಮಾಡುವುದು, ಆಳದಿಂದ ಎತ್ತಿದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ ಸಿಹಿನೀರು ಹಿಡಿಯುವುದು. ಆದರೂ ಕಡಲಿಂದ ಎದ್ದು ಬಂದು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲುವ ಅಭ್ಯಾಸ ಇದ್ದರೆ ಬಿಡಿ. ಒಂದು ಬಕೆಟ್ ಸಾಕು.

ಪರ್ಮಿಟ್ ಇಲ್ಲದೆ ಅಲ್ಲಿಗೆ ಕಾಲಿಡುವಂತಿಲ್ಲ, ಭಾರತೀಯರಿಗೂ ಬೇಕು. ಇದಕ್ಕೆ 1967ರ ನಿಯಮ ಇದೆ. ಗುರುತಿನ ಚೀಟಿ, ಫೋಟೊ, ಪೊಲೀಸ್ ಪರಿಶೀಲನೆ ಪತ್ರ, ದ್ವೀಪದ ಕಡೆಯಿಂದ ಪ್ರಾಯೋಜಕರು ಅಂತ ಕೇಳುತ್ತಾರೆ. ಪೊಲೀಸ್ ಪತ್ರಕ್ಕೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬಹುದು. ಉಳಿಯುವ ಮನೆಯವರೇ ಪರ್ಮಿಟ್ ಮಾಡಿಸಿಕೊಡುವ ವ್ಯವಸ್ಥೆ ಸಾಮಾನ್ಯ. ಬೇಕಾದ ಕಾಗದಗಳು ಆಗಾಗ ಬದಲಾಗುತ್ತವೆ, ಆಡಳಿತದ ಇ-ಪರ್ಮಿಟ್ ತಾಣದಲ್ಲಿ ನೋಡಿಕೊಂಡು ಎರಡು ತಿಂಗಳು ಮುಂಚೆ ಶುರು ಮಾಡಿ. ಪರ್ಮಿಟ್ ಕೈಗೆ ಬರುವ ಮುಂಚೆ ವಾಪಸ್ ದುಡ್ಡು ಬಾರದ ಟಿಕೆಟ್ ತೆಗೆಯಬೇಡಿ.

ಯಾವಾಗ ಅನ್ನುವುದಕ್ಕೆ ಹೆಚ್ಚು ಹೇಳುವುದಿಲ್ಲ. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆಗಾಲದ ಕಡಲು, ಬೇಡ. ದಸರಾ ರಜೆಯಲ್ಲಿ ಹೋಗಬಹುದು, ನೀರು ಸ್ವಲ್ಪ ಕಲಕಿರುತ್ತದೆ. ಏಪ್ರಿಲ್‌ನಲ್ಲಿ ಸೆಖೆ, ಹವಳಕ್ಕೂ ಕಷ್ಟದ ಕಾಲ. ಫೆಬ್ರವರಿಯಲ್ಲಿ ನೀರು ಗಾಜಿನ ಹಾಗೆ. ಶಾಲೆಗೆ ನಾಲ್ಕು ದಿನ ರಜೆ ಹಾಕಿಸಿ, ನಾನು ಹೇಳಿದೆ ಅಂತ ಟೀಚರಿಗೆ ಹೇಳಬೇಡಿ. ನೀರಿಗಿಳಿಯಲು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಬಿಸಿಲು ಏರಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ.

ದುಡ್ಡು ನಗದಾಗಿ ಇಟ್ಟುಕೊಳ್ಳಿ. ಬ್ಯಾಂಕು ಇದೆ, ಅದೂ ನಮ್ಮ ಮಣಿಪಾಲದ ಸಿಂಡಿಕೇಟ್ ಬ್ಯಾಂಕು ದಶಕಗಳ ಹಿಂದೆ ಹೋಗಿ ಕೂತ ದ್ವೀಪಗಳು ಇವು, 2020ರಿಂದ ಕೆನರಾ ಬ್ಯಾಂಕ್ ಬೋರ್ಡು. ಆದರೆ ಎಟಿಎಂ ನಂಬಿಕೊಂಡು ಹೋಗಬೇಡಿ. ಆಸ್ಪತ್ರೆ ಇದೆ. ತೀರಾ ಗಂಭೀರವಾದರೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಕಳಿಸುತ್ತಾರೆ. ಹಾಗಾಗಿ ಅತ್ತೆಯವರ ಮಾತ್ರೆಗಳು ಹತ್ತು ದಿನದ್ದಿರಲಿ. ಖಾಲಿ ಪ್ಲಾಸ್ಟಿಕ್ ಎಲ್ಲಾ ನಿಮ್ಮ ಬ್ಯಾಗಿನಲ್ಲೇ ವಾಪಸ್ ತನ್ನಿ, ಅಲ್ಲಿ ಹೂಳಲು ಜಾಗವಿಲ್ಲ.

ಊಟಕ್ಕೆ ನಿಮಗೆ ತೊಂದರೆಯಿಲ್ಲ, ಟ್ಯೂನಾ ಮೀನು ದಿನಾ ಇರುತ್ತದೆ. ಅದನ್ನು ಬಲೆಯಲ್ಲಿ ಬಾಚುವುದಿಲ್ಲ, ಕೋಲು ಗಾಳದಲ್ಲಿ ಒಂದೊಂದಾಗಿ ಎತ್ತುತ್ತಾರೆ. ಸಂಜೆ ಬೋಟುಗಳು ಬರುವ ಹೊತ್ತಿಗೆ ದಡಕ್ಕೆ ಹೋಗಿ, ಮಗಳಿಗೆ ತೋರಿಸಿ. ಅತ್ತೆಯವರಿಗೆ ಅನ್ನ, ಬೇಳೆ, ತೆಂಗಿನಕಾಯಿ ಸಿಕ್ಕೇ ಸಿಗುತ್ತದೆ. ತರಕಾರಿ ಹಡಗಿನಲ್ಲಿ ಬರಬೇಕು, ಹಡಗು ತಡವಾದರೆ ಈರುಳ್ಳಿ ಆಲೂಗಡ್ಡೆಯಲ್ಲೇ ದಿನ ತಳ್ಳುತ್ತಾರೆ. ಬುಕ್ ಮಾಡುವಾಗಲೇ ಬೇರೆ ಪಾತ್ರೆಯಲ್ಲಿ ಮಾಡಿಕೊಡಿ ಅಂತ ಹೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಊರಿಂದ ಅವಲಕ್ಕಿ, ಒಂದು ಡಬ್ಬ ಶೇಂಗಾ ಚಟ್ನಿಪುಡಿ ತೆಗೆದುಕೊಂಡು ಹೋಗಿ. ಒಂದಲ್ಲ, ಎರಡು ಡಬ್ಬ. ಎರಡನೆಯ ದಿನ ಮನೆಯೊಡತಿ ರುಚಿ ನೋಡುತ್ತಾರೆ, ಮೂರನೆಯ ದಿನ ಹೇಗೆ ಮಾಡುವುದು ಅಂತ ಕೇಳುತ್ತಾರೆ, ಹೊರಡುವ ದಿನ ಡಬ್ಬ ನಿಮ್ಮ ಕೈಗೆ ವಾಪಸ್ ಬರುವುದಿಲ್ಲ.